ಸಾಕು ಹಾವಿನ ಅಸಹಜ ವರ್ತನೆ ಮತ್ತು ಅನಾರೋಗ್ಯ

ಸಾಕಿದ ಹಾವಿಗೆ ಹುಷಾರು ತಪ್ಪಿದ್ದು ಸಾಕಿದವರಿಗೆ ತಿಳಿಯುವುದು ಬಹುಮಟ್ಟಿಗೆ ತಡವಾಗಿ. ಹಾವಿಗೆ ನರಳುವ ದನಿ ಇಲ್ಲ, ಮುಚ್ಚಿ ತೆರೆಯುವ ರೆಪ್ಪೆ ಇಲ್ಲ, ಮುಖ ಕಿವುಚಿಕೊಳ್ಳುವ ಸ್ನಾಯುಗಳೂ ಇಲ್ಲ. ಆರೋಗ್ಯವಾಗಿರುವ ಹಾವು ಕೂಡ ದಿನದ ಹೆಚ್ಚಿನ ಹೊತ್ತು ಅಲುಗದೆ ಸುರುಳಿ ಸುತ್ತಿ ಬಿದ್ದಿರುತ್ತದೆ. ವಾರಗಟ್ಟಲೆ ಏನನ್ನೂ ತಿನ್ನದೆ ಇರುತ್ತದೆ. ಬೇರೆ ಸಾಕುಪ್ರಾಣಿಗಳಲ್ಲಿ ಗಾಬರಿ ಹುಟ್ಟಿಸುವ ಈ ಎರಡು ಸಂಗತಿಗಳು ಹಾವಿನ ಮಟ್ಟಿಗೆ ನಿತ್ಯದ ಬದುಕು. ಆದ್ದರಿಂದ ನಾಯಿ, ಬೆಕ್ಕುಗಳನ್ನು ನೋಡುವ ಕಣ್ಣಿನಿಂದ ಹಾವಿನ ಆರೋಗ್ಯ ತಿಳಿಯುವುದಿಲ್ಲ. ಆ ಜಾತಿಯ ರೂಢಿ ಏನು, ಅದರಲ್ಲೂ ಆ ಒಂದು ಹಾವಿನ ರೂಢಿ ಏನು ಎಂಬುದು ಗೊತ್ತಿದ್ದವರಿಗೆ ಮಾತ್ರ ಅದು ತಪ್ಪಿದ ದಿನ ಕಣ್ಣಿಗೆ ಬೀಳುತ್ತದೆ.

ಹಾವು ಸಾಕುವ ಹವ್ಯಾಸ ಬಲವಾಗಿ ಬೇರೂರಿರುವುದು ಅಮೆರಿಕ ಮತ್ತು ಯುರೋಪಿನಲ್ಲಿ. ಅಲ್ಲಿ ಅತಿ ಹೆಚ್ಚು ಮನೆಗಳಲ್ಲಿರುವ ಜಾತಿಗಳಲ್ಲಿ ಒಂದು ಬಾಲ್ ಪೈಥಾನ್. ಹೆದರಿದಾಗ ತಲೆಯನ್ನು ಒಳಗಿಟ್ಟು ಮೈಯನ್ನು ಚೆಂಡಿನ ಹಾಗೆ ಸುತ್ತಿಕೊಳ್ಳುವುದರಿಂದ ಅದಕ್ಕೆ ಆ ಹೆಸರು. ಪ್ರಾಣಿಶಾಸ್ತ್ರಜ್ಞ ಜಾರ್ಜ್ ಷಾ 1802ರಲ್ಲಿ ವಿವರಿಸಿದ ಈ ಪುಟ್ಟ ಹೆಬ್ಬಾವು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹುಲ್ಲುಗಾವಲುಗಳದ್ದು. ಘಾನಾ, ಟೋಗೊ, ಬೆನಿನ್ ದೇಶಗಳಿಂದ ದಶಕಗಳ ಕಾಲ ರಫ್ತಾಗುತ್ತ ಬಂದಿದೆ. ಉದ್ದ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಮೀಟರ್, ಸಾಕಣೆಯಲ್ಲಿ ಆಯಸ್ಸು 20-30 ವರ್ಷ. ಅಮೆರಿಕದ ಆಗ್ನೇಯ ಭಾಗದ ಕಾರ್ನ್ ಸ್ನೇಕ್ ಮತ್ತು ದಕ್ಷಿಣ ಅಮೆರಿಕದ ಬೋವಾ ಕೂಡ ಇದೇ ಸಾಲಿನವು. ಸಾಕು ಹಾವಿನ ಕಾಯಿಲೆಗಳ ಬಗ್ಗೆ ಇಂದು ತಿಳಿದಿರುವ ಬಹುಪಾಲು ಸಂಗತಿಗಳು ಈ ಕೆಲವೇ ಜಾತಿಗಳ ಅಧ್ಯಯನದಿಂದ ಬಂದವು.

ಕಾಯಿಲೆಯಲ್ಲದ ವಿಚಿತ್ರಗಳು

ಹೊಸದಾಗಿ ಹಾವು ಸಾಕುವವರನ್ನು ಮೊದಲು ಹೆದರಿಸುವುದು ಪೊರೆ ಬಿಡುವ ಕಾಲ. ಮೈಬಣ್ಣ ಮಂಕಾಗುತ್ತದೆ, ಹೊಟ್ಟೆಯ ಭಾಗ ನಸುಗೆಂಪಾಗುತ್ತದೆ, ಕಣ್ಣಿನ ಮೇಲೆ ನೀಲಿ ಬೆರೆತ ಬಿಳಿ ಮಬ್ಬು ಕವಿಯುತ್ತದೆ. ಹಳೆಯ ಮತ್ತು ಹೊಸ ಚರ್ಮದ ನಡುವೆ ದ್ರವ ತುಂಬಿಕೊಳ್ಳುವುದರಿಂದ ಹೀಗಾಗುತ್ತದೆ. ಈ ದಿನಗಳಲ್ಲಿ ಹಾವಿಗೆ ಸರಿಯಾಗಿ ಕಾಣುವುದಿಲ್ಲ. ಎಂದೂ ಬುಸುಗುಟ್ಟದ ಹಾವು ಕೈ ಹತ್ತಿರ ಬಂದರೆ ಎರಗುತ್ತದೆ, ಇಟ್ಟ ಇಲಿಯನ್ನು ಮುಟ್ಟುವುದಿಲ್ಲ. ಕೆಲವು ದಿನಗಳಲ್ಲಿ ಕಣ್ಣು ತಿಳಿಯಾಗುತ್ತದೆ, ಆಮೇಲೆ ಮೂರು ನಾಲ್ಕು ದಿನಕ್ಕೆ ತುಟಿಯ ಅಂಚಿನಿಂದ ಆರಂಭಿಸಿ ಇಡೀ ಪೊರೆ ಒಳಮೈ ಹೊರಗಾಗಿ ಕಳಚಿ ಬೀಳುತ್ತದೆ. ಪೊರೆ ಒಂದೇ ತುಂಡಾಗಿ ಬಂದಿದ್ದರೆ, ಅದರಲ್ಲಿ ಎರಡೂ ಕಣ್ಣಿನ ಮೇಲಿನ ಪಾರದರ್ಶಕ ಮುಚ್ಚಳಗಳು ಮತ್ತು ಬಾಲದ ತುದಿ ಇದ್ದರೆ, ಹಾವು ಚೆನ್ನಾಗಿದೆ ಎನ್ನಲು ಅದಕ್ಕಿಂತ ಒಳ್ಳೆಯ ಪುರಾವೆ ಕಡಿಮೆ. ಎಸೆಯುವ ಮೊದಲು ಅದನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಪ್ರತಿಯೊಬ್ಬ ಸಾಕುವವರಿಗೂ ಬೇಕು.

ಎರಡನೆಯದು ಉಪವಾಸ. ಪ್ರಾಯಕ್ಕೆ ಬಂದ ಬಾಲ್ ಪೈಥಾನ್ ತಂಪಿನ ತಿಂಗಳುಗಳಲ್ಲಿ ಮತ್ತು ಕೂಡುವ ಕಾಲದಲ್ಲಿ ಊಟ ಬಿಡುವುದು ಸಾಮಾನ್ಯ. ಅದರ ತವರಿನಲ್ಲಿ ಒಣಹವೆಯ ತಿಂಗಳುಗಳಲ್ಲಿ ಬಿಲ ಸೇರಿ ಉಪವಾಸ ಇರುವುದು ಅದಕ್ಕೆ ಹುಟ್ಟುಗುಣ. ಹಾಗಾದರೆ ಯಾವ ಉಪವಾಸಕ್ಕೆ ಹೆದರಬೇಕು? ಇದಕ್ಕೆ ಕ್ಯಾಲೆಂಡರಿಗಿಂತ ತಕ್ಕಡಿ ಒಳ್ಳೆಯ ಉತ್ತರ ಕೊಡುತ್ತದೆ. ಗ್ರಾಂ ಲೆಕ್ಕ ತೋರಿಸುವ ತಕ್ಕಡಿಯಲ್ಲಿ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ತೂಗಿ ಬರೆದಿಟ್ಟರೆ, ಮೂರು ತಿಂಗಳು ತಿನ್ನದ ಹಾವಿನ ತೂಕ ಹೆಚ್ಚೂಕಡಿಮೆ ಇದ್ದಲ್ಲೇ ಇರುವುದು ಕಾಣುತ್ತದೆ. ತೂಕದ ಹತ್ತನೇ ಒಂದು ಭಾಗ ಇಳಿದರೆ, ಬೆನ್ನುಮೂಳೆಯ ಏಣು ಎದ್ದು ಕಂಡರೆ, ಚರ್ಮ ಸಡಿಲವಾಗಿ ಮಡಿಕೆ ಬಿದ್ದರೆ ಅದು ಸಹಜ ಉಪವಾಸವಲ್ಲ. ಮರಿಗಳಿಗೆ ಈ ರಿಯಾಯಿತಿ ಇಲ್ಲ. ಅವುಗಳ ಮೈಯಲ್ಲಿ ಕೊಬ್ಬಿನ ಸಂಗ್ರಹ ಕಡಿಮೆ, ಊಟ ಬಿಟ್ಟರೆ ಬೇಗ ಸೋಲುತ್ತವೆ.

ನಡುಕವನ್ನು ಕಂಡೂ ತಪ್ಪು ತಿಳಿಯುವುದುಂಟು. ಮೊಟ್ಟೆಗಳ ಸುತ್ತ ಸುರುಳಿ ಸುತ್ತಿದ ಬರ್ಮೀಸ್ ಹೆಬ್ಬಾವು ಮೈಯನ್ನು ಲಯಬದ್ಧವಾಗಿ ಅದುರಿಸುತ್ತದೆ. ಅದು ಸನ್ನಿಯಲ್ಲ, ಕಾವು. ಸ್ನಾಯುಗಳನ್ನು ಕುಗ್ಗಿಸಿ ಹಿಗ್ಗಿಸಿ ಅದು ಮೈಬಿಸಿಯನ್ನು ಸುತ್ತಲಿನ ಗಾಳಿಗಿಂತ ಹಲವು ಡಿಗ್ರಿ ಮೇಲಕ್ಕೆ ಏರಿಸಿಕೊಳ್ಳುತ್ತದೆ. ಪ್ಯಾರಿಸ್ಸಿನಲ್ಲಿ ಪ್ರಾಣಿಶಾಸ್ತ್ರಜ್ಞ ವಾಲಾಂಸಿಯೆನ್ 1841ರಲ್ಲೇ ಇದನ್ನು ಅಳೆದು ವರದಿ ಮಾಡಿದ್ದರು; 1966ರಲ್ಲಿ ನ್ಯೂಯಾರ್ಕ್ ಮೃಗಾಲಯದ ಹೆಬ್ಬಾವಿನ ಮೇಲೆ ಹಚಿಸನ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗ ಅದನ್ನು ಗಟ್ಟಿಮಾಡಿತು.

ಗಂಡಿನ ಸಂಗವೇ ಇಲ್ಲದ ಹೆಣ್ಣು ಹಾವಿನ ಹೊಟ್ಟೆ ಉಬ್ಬಿದರೂ ಅದು ಗಡ್ಡೆಯೇ ಆಗಿರಬೇಕಿಲ್ಲ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿದ್ದ ಒಂದು ಬಾಲ್ ಪೈಥಾನ್ 2020ರ ಜುಲೈನಲ್ಲಿ ಏಳು ಮೊಟ್ಟೆ ಇಟ್ಟಿತು. ಖಾಸಗಿ ವ್ಯಕ್ತಿಯೊಬ್ಬರು 1961ರಲ್ಲಿ ಮೃಗಾಲಯಕ್ಕೆ ಕೊಟ್ಟಿದ್ದ ಹಾವು ಅದು. ಆಗ ಅದರ ವಯಸ್ಸು 60 ದಾಟಿತ್ತು, ಕನಿಷ್ಠ 15 ವರ್ಷಗಳಿಂದ ಗಂಡಿನ ಹತ್ತಿರ ಹೋಗಿರಲಿಲ್ಲ. ಹಾವುಗಳು ವೀರ್ಯವನ್ನು ಬಹುಕಾಲ ಮೈಯಲ್ಲಿ ಉಳಿಸಿಕೊಳ್ಳಬಲ್ಲವು. ಕೆಲವು ಜಾತಿಗಳಲ್ಲಿ ಗಂಡಿಲ್ಲದೆಯೇ ಸಂತಾನವಾಗುವುದೂ ಇದೆ. ಹಾವಿನ ವೈದ್ಯದಲ್ಲಿ ಅಸಹಜ ಎಂಬ ಮಾತನ್ನು ಎಷ್ಟು ಎಚ್ಚರದಿಂದ ಬಳಸಬೇಕು ಎಂಬುದಕ್ಕೆ ಈ ಮುದಿ ಹಾವಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಗೂಡಿನ ದೋಷ

ಸಾಕು ಹಾವಿನ ಕಾಯಿಲೆಗಳಲ್ಲಿ ದೊಡ್ಡ ಪಾಲು ಆರಂಭವಾಗುವುದು ಗಾಜಿನ ಗೂಡಿನ ಒಳಗಿನ ಹವೆಯಿಂದ. ಕಾವು ಕೂತ ಹೆಬ್ಬಾವಿನಂಥ ಅಪವಾದ ಬಿಟ್ಟರೆ ಹಾವು ತನ್ನ ಮೈಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳದು. ಬಿಸಿ ಜಾಗಕ್ಕೂ ತಂಪು ಜಾಗಕ್ಕೂ ಓಡಾಡಿ ಸರಿಹೊಂದಿಸಿಕೊಳ್ಳುತ್ತದೆ. ಬಾಲ್ ಪೈಥಾನ್‌ಗೆ ಗೂಡಿನ ಒಂದು ತುದಿಯಲ್ಲಿ 31-33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿಯಲ್ಲಿ 25-27 ಡಿಗ್ರಿ ಸಿಗಬೇಕು. ಇದು ತಪ್ಪಿದರೆ ಜೀರ್ಣಶಕ್ತಿಯೂ ರೋಗನಿರೋಧಕ ಶಕ್ತಿಯೂ ಒಟ್ಟಿಗೇ ಕುಗ್ಗುತ್ತವೆ. ಹಾಗಾಗಿ ಸದಾ ಬಿಸಿ ತುದಿಗೆ ಅಂಟಿಕೊಂಡೇ ಇರುವ ಹಾವು ಗೂಡು ತಣ್ಣಗಿದೆ ಎಂದು ಹೇಳುತ್ತಿದೆ. ಸದಾ ನೀರಿನ ಬೋಗುಣಿಯಲ್ಲೇ ಮಲಗುವ ಹಾವು ಸೆಕೆ ಎನ್ನುತ್ತಿರಬಹುದು, ಅಥವಾ ಮೈಮೇಲೆ ನುಸಿ ಹತ್ತಿರಬಹುದು.

ಸುಟ್ಟ ಗಾಯ ಇನ್ನೊಂದು. ಹೊಟ್ಟೆಯಡಿಯ ಹುರುಪೆಗಳು ಕಂದಾಗಿ, ಬೊಬ್ಬೆ ಎದ್ದು, ಸಿಪ್ಪೆ ಸುಲಿದಂತೆ ಕಂಡರೆ ಮೊದಲ ಅನುಮಾನ ಬಿಸಿ ಮಾಡುವ ಉಪಕರಣದ ಮೇಲೆ ಹೋಗಬೇಕು. ಥರ್ಮೋಸ್ಟಾಟ್ ಇಲ್ಲದ ಬಿಸಿ ಪ್ಯಾಡು, ಗೂಡಿನೊಳಗೆ ಇಡುವ ವಿದ್ಯುತ್ ಬಿಸಿಗಲ್ಲು, ಜಾಲರಿ ಇಲ್ಲದ ಬಲ್ಬು ಇದಕ್ಕೆ ಕಾರಣ. ಸುತ್ತಲಿನ ಗಾಳಿ ತಣ್ಣಗಿದ್ದರೆ ಹಾವು ಸುಡುವ ಮೇಲ್ಮೈಯ ಮೇಲೆಯೇ ಚರ್ಮ ಬೇಯುವ ತನಕ ಮಲಗಿಬಿಡುತ್ತದೆ. ಬಿಸಿಗಲ್ಲುಗಳು ಇನ್ನೂ ಅಂಗಡಿಗಳಲ್ಲಿ ಮಾರಾಟಕ್ಕಿರುವುದು ಬೇಸರದ ಸಂಗತಿ.

ತೇವದ ಲೆಕ್ಕ ಎರಡೂ ಕಡೆ ತಪ್ಪಬಹುದು. ಹವೆ ಒಣಗಿದ್ದರೆ ಪೊರೆ ತುಂಡುತುಂಡಾಗಿ ಬರುತ್ತದೆ, ಕಣ್ಣಿನ ಮುಚ್ಚಳ ಉಳಿದುಕೊಳ್ಳುತ್ತದೆ, ಬಾಲದ ತುದಿಯಲ್ಲಿ ಉಳಿದ ಹಳೆಯ ಚರ್ಮ ಬಿಗಿದು ರಕ್ತಸಂಚಾರ ನಿಂತು ತುದಿಯೇ ಒಣಗಿ ಉದುರುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿದ ಪಾಚಿ ತುಂಬಿದ ಡಬ್ಬಿಯನ್ನು ಗೂಡಿನಲ್ಲಿ ಇಟ್ಟರೆ ಬಹಳಷ್ಟು ಹಾವುಗಳು ತಾವೇ ಒಳಗೆ ಹೋಗಿ ಪೊರೆ ಕಳಚಿಕೊಳ್ಳುತ್ತವೆ. ಕಣ್ಣಿನ ಮುಚ್ಚಳವನ್ನು ಮಾತ್ರ ಚಿಮಟಿಗೆ ಹಾಕಿ ಕೀಳಲು ಹೋಗಬಾರದು. ಅದರಡಿಯಲ್ಲಿರುವುದು ಕಣ್ಣನ್ನು ಕಾಯುವ ಪಾರದರ್ಶಕ ಹುರುಪೆ. ಅದೂ ಕಿತ್ತು ಬಂದರೆ ಕಣ್ಣು ಹೋದಂತೆಯೇ. ಇನ್ನು ಹಾಸು ಸದಾ ಒದ್ದೆಯಾಗಿ ಕೊಳಕಾಗಿದ್ದರೆ ಹೊಟ್ಟೆಯ ಹುರುಪೆಗಳಡಿ ನೀರುಗುಳ್ಳೆ ಏಳುತ್ತದೆ, ಅದು ಕೊಳೆತು ನಂಜು ರಕ್ತಕ್ಕೆ ಸೇರುತ್ತದೆ.

ಜಾಗದ ಇಕ್ಕಟ್ಟೂ ವರ್ತನೆಯಲ್ಲಿ ಕಾಣುತ್ತದೆ. ತಳಿ ಬೆಳೆಸುವವರು ಕಪಾಟಿನ ಖಾನೆಗಳ ಹಾಗೆ ಜೋಡಿಸಿದ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ನೂರಾರು ಹಾವು ಇಡುತ್ತಾರೆ. ಜರ್ಮನಿಯ ಸಂಶೋಧಕರು 35 ಬಾಲ್ ಪೈಥಾನ್‌ಗಳನ್ನು ಮೊದಲು ಇಂಥ ಡಬ್ಬಿಗಳಲ್ಲೂ ಆಮೇಲೆ ಕೊಂಬೆ, ಮಣ್ಣು, ಅಡಗುತಾಣಗಳಿದ್ದ ಗೂಡುಗಳಲ್ಲೂ ಇಟ್ಟು ಗಮನಿಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಗೂಡಿಗೆ ಬಂದ ಹಾವುಗಳು ಹತ್ತಿದವು, ಮೈ ಕಾಯಿಸಿಕೊಂಡವು, ಅಗೆದವು. ಡಬ್ಬಿಯಲ್ಲಿ ಅವುಗಳಿಗೆ ಇವು ಯಾವುದಕ್ಕೂ ಎಡೆ ಇರಲಿಲ್ಲ. ಒಂದೇ ಚಲನೆಯನ್ನು ಅರ್ಥವಿಲ್ಲದೆ ಮತ್ತೆಮತ್ತೆ ಮಾಡುವ ವರ್ತನೆ ಅಲ್ಲಿ ಕಂಡಿತ್ತು. ಮೂತಿಯನ್ನು ಗಾಜಿಗೆ ಉಜ್ಜಿ ಉಜ್ಜಿ ಹುಣ್ಣು ಮಾಡಿಕೊಳ್ಳುವ ಹಾವಿಗೆ ಮುಲಾಮು ಹಚ್ಚಿದರಷ್ಟೇ ಸಾಲದು. ಅದು ಹೊರಬರಲು ದಾರಿ ಹುಡುಕುತ್ತಿದೆ.

ಉಸಿರು, ಬಾಯಿ

ಹಾವಿಗೆ ಕೆಮ್ಮಲು ಬರುವುದಿಲ್ಲ. ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆ ಅದಕ್ಕಿಲ್ಲ. ಬಹುತೇಕ ಹಾವುಗಳಲ್ಲಿ ಕೆಲಸ ಮಾಡುವುದು ಬಲ ಶ್ವಾಸಕೋಶವೊಂದೇ; ಹೆಬ್ಬಾವು, ಬೋವಾಗಳಲ್ಲಿ ಎಡದ್ದೂ ಇರುತ್ತದೆ, ಆದರೆ ಚಿಕ್ಕದು. ಉದ್ದನೆಯ ಚೀಲದಂತಿರುವ ಈ ಶ್ವಾಸಕೋಶದಲ್ಲಿ ಕಫ ಕಟ್ಟಿದರೆ ಅದನ್ನು ಹೊರಗೆ ತಳ್ಳುವ ಉಪಾಯ ಪ್ರಾಣಿಗಿಲ್ಲ. ಹಾಗಾಗಿ ಶ್ವಾಸಕೋಶದ ಸೋಂಕು ಹಾವಿನಲ್ಲಿ ಸದ್ದಿಲ್ಲದೆ ಬೆಳೆದು ಒಮ್ಮೆಲೇ ಗಂಭೀರವಾಗುತ್ತದೆ. ಬಾಯಿ ತೆರೆದು ಉಸಿರಾಡುವುದು, ಉಸಿರಿನಲ್ಲಿ ಗುರುಗುರು ಅಥವಾ ಶಿಳ್ಳೆಯ ಸದ್ದು, ಮೂಗಿನ ಹೊಳ್ಳೆಯಲ್ಲಿ ಗುಳ್ಳೆ, ತುಟಿಯಂಚಿನಲ್ಲಿ ಲೋಳೆ, ಕುತ್ತಿಗೆಯನ್ನು ಮೇಲೆತ್ತಿ ಗೂಡಿನ ಗೋಡೆಗೆ ಒರಗಿಸಿ ಇರುವುದು ಇದರ ಲಕ್ಷಣ. ಊಟದ ನಂತರ ದವಡೆ ಸರಿಪಡಿಸಿಕೊಳ್ಳಲು ಹಾವು ಒಂದೆರಡು ಸಲ ದೊಡ್ಡದಾಗಿ ಆಕಳಿಸುವುದು ಬೇರೆ. ಅದನ್ನು ಇದರೊಂದಿಗೆ ಗೊಂದಲ ಮಾಡಿಕೊಳ್ಳಬಾರದು.

ಇಂಥ ನ್ಯುಮೋನಿಯಾಗಳಿಗೆಲ್ಲ ಚಳಿ ಮತ್ತು ಬ್ಯಾಕ್ಟೀರಿಯಾಗಳೇ ಕಾರಣ ಎಂದು ಬಹುಕಾಲ ನಂಬಲಾಗಿತ್ತು. 2014ರಲ್ಲಿ ಅಮೆರಿಕ ಮತ್ತು ಯುರೋಪಿನ ತಂಡಗಳು ಒಂದಕ್ಕೊಂದು ಸಂಬಂಧವಿಲ್ಲದೆ, ಸತ್ತ ಹೆಬ್ಬಾವುಗಳ ಶ್ವಾಸಕೋಶದಲ್ಲಿ ಹೊಸದೊಂದು ವೈರಾಣುವನ್ನು ಕಂಡವು. ಕೊರೊನಾ ವೈರಾಣುಗಳಿರುವ ನಿಡೊವೈರೇಲ್ಸ್ ಗಣಕ್ಕೇ ಇದು ಸೇರುತ್ತದೆ. ಈಗ ಸರ್ಪೆಂಟೊವೈರಸ್ ಎಂದು ಕರೆಯುತ್ತಾರೆ. ಆರೋಗ್ಯವಂತ ಹಾವುಗಳಿಗೆ ಇದನ್ನು ತಗುಲಿಸಿದಾಗ ಅದೇ ಕಾಯಿಲೆ ಬರುವುದನ್ನು 2018ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಬಾಯಿಯ ಒಳಪದರ ಕೆಂಪಾಗುತ್ತದೆ, ಲೋಳೆ ಹೆಚ್ಚುತ್ತದೆ, ಆಮೇಲೆ ಉಸಿರಾಟ ಕಷ್ಟವಾಗುತ್ತದೆ. ಆಂಟಿಬಯಾಟಿಕ್ ಕೊಟ್ಟರೂ ಮತ್ತೆಮತ್ತೆ ಮರುಕಳಿಸುವ ನ್ಯುಮೋನಿಯಾ ಕಂಡರೆ ಬಾಯಿಯ ಲೋಳೆಯನ್ನು ಹತ್ತಿಯ ಕಡ್ಡಿಯಲ್ಲಿ ತೆಗೆದು ಪಿಸಿಆರ್ ಪರೀಕ್ಷೆಗೆ ಕಳಿಸುವುದು ಈಗ ರೂಢಿ.

ಬಾಯಿ ಹುಣ್ಣು ಮೊದಲು ಒಸಡಿನ ಮೇಲೆ ಚುಕ್ಕಿ ಚುಕ್ಕಿ ರಕ್ತದ ಗುರುತಾಗಿ ಕಾಣುತ್ತದೆ, ಆಮೇಲೆ ಗಿಣ್ಣದಂಥ ಹಳದಿ ಕೀವಾಗಿ ಗಟ್ಟಿಯಾಗುತ್ತದೆ. ಸರೀಸೃಪಗಳ ಕೀವು ನಮ್ಮದರ ಹಾಗೆ ದ್ರವವಾಗಿ ಹರಿಯುವುದಿಲ್ಲ. ಆದ್ದರಿಂದ ಹಾವಿನ ಮೈಯಲ್ಲಿ ಎಲ್ಲಿ ಗಟ್ಟಿ ಗಂಟು ಕೈಗೆ ಸಿಕ್ಕರೂ ಅದು ಗಡ್ಡೆಯಷ್ಟೇ ಅಲ್ಲ, ಹಳೆಯ ಕುರುವೂ ಆಗಿರಬಹುದು. ಜೀವಂತ ಇಲಿ ಕಚ್ಚಿದ ಗಾಯಗಳು ಇಂಥ ಕುರುವಿಗೆ ಸಾಮಾನ್ಯ ಕಾರಣ. ಕೊಂದು ಶೈತ್ಯದಲ್ಲಿಟ್ಟು ಆಮೇಲೆ ಬೆಚ್ಚಗೆ ಮಾಡಿದ ಇಲಿಯನ್ನೇ ಕೊಡಿ ಎಂದು ವೈದ್ಯರು ಒತ್ತಿ ಹೇಳುವುದು ಇದಕ್ಕೇ.

ಬಾಯಿ ಹುಣ್ಣು ಮತ್ತು ನ್ಯುಮೋನಿಯಾದ ವಿಷಯದಲ್ಲಿ ಭಾರತದ ಅನುಭವ ಹಳೆಯದು, ನೋವಿನದು. ಹಾವಾಡಿಗರ ಬುಟ್ಟಿಯ ನಾಗರಹಾವಿಗೆ ಹಲ್ಲು ಕಿತ್ತ ಗಾಯದಿಂದ ಬಾಯಿ ಕೊಳೆಯುತ್ತಿತ್ತು, ತಿನ್ನಲಾಗದೆ ಸೊರಗುತ್ತಿತ್ತು. ನಾಗರಪಂಚಮಿಗೆ ಮುಂಚೆ ದಿನಗಟ್ಟಲೆ ನೀರು ಕೊಡದೆ ಒಣಗಿಸಿದ ಹಾವು ಎದುರಿಗೆ ಹಿಡಿದ ಹಾಲನ್ನು ಬಾಯಾರಿಕೆಯಿಂದ ಕುಡಿಯುತ್ತದೆ. ಹಾವಿಗೆ ಹಾಲು ಆಹಾರವಲ್ಲ, ಅದನ್ನು ಜೀರ್ಣಿಸುವ ವ್ಯವಸ್ಥೆ ಅದರ ಮೈಯಲ್ಲಿಲ್ಲ. ಬಲವಂತವಾಗಿ ಸುರಿದ ಹಾಲು ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ. ಹಾವು ಹಾಲು ಕುಡಿಯಿತೆಂದು ಕೈಮುಗಿದವರು ನೋಡಿದ್ದು ದಾಹದಿಂದ ಬಳಲಿದ ಪ್ರಾಣಿಯನ್ನು.

ಆಕಾಶ ನೋಡುವ ಹಾವು

ತಲೆಯನ್ನು ನೇರ ಮೇಲೆತ್ತಿ, ಗಂಟಲು ಬೆನ್ನ ಕಡೆಗೆ ಬಾಗುವಷ್ಟು ಹಿಂದಕ್ಕೆ ಚಾಚಿ, ನಕ್ಷತ್ರ ಎಣಿಸುವವರಂತೆ ನಿಶ್ಚಲವಾಗಿ ನಿಲ್ಲುವುದು ಹಾವಿನಲ್ಲಿ ಕಾಣುವ ಅತ್ಯಂತ ಗಂಭೀರ ಲಕ್ಷಣಗಳಲ್ಲಿ ಒಂದು. ಇದರ ಜೊತೆಗೆ ತಲೆ ಅತ್ತಿತ್ತ ತೂಗುವುದು, ಮೈ ತಿರುಚಿಕೊಳ್ಳುವುದು, ಇಲಿಯತ್ತ ಎರಗಿದರೂ ಗುರಿ ತಪ್ಪುವುದು ಇದ್ದರೆ ಮಿದುಳು ಅಥವಾ ನರಗಳ ತೊಂದರೆ ಎಂದೇ ತಿಳಿಯಬೇಕು. ಒಂದು ಸರಳ ಪರೀಕ್ಷೆ ಇದೆ. ಹಾವನ್ನು ಮೆಲ್ಲಗೆ ಬೆನ್ನಿನ ಮೇಲೆ ಮಲಗಿಸಿದರೆ ಆರೋಗ್ಯವಾಗಿರುವುದು ತಕ್ಷಣ ಮಗುಚಿ ಹೊಟ್ಟೆಯ ಮೇಲೆ ಬರುತ್ತದೆ. ಮಗುಚಲು ತಡಮಾಡಿದರೆ, ಅಥವಾ ಹಾಗೆಯೇ ಬಿದ್ದಿದ್ದರೆ, ಅದೇ ದಿನ ವೈದ್ಯರನ್ನು ಕಾಣಬೇಕು.

ಈ ಲಕ್ಷಣಗಳ ಹಿಂದೆ ಬಹುಕಾಲ ಒಗಟಾಗಿ ಉಳಿದಿದ್ದ ಕಾಯಿಲೆಯೊಂದಿದೆ. 1970ರ ದಶಕದಿಂದ ಬೋವಾ ಮತ್ತು ಹೆಬ್ಬಾವುಗಳ ಸಂಗ್ರಹಗಳಲ್ಲಿ ಸಾವು ತಂದ ಅದರಲ್ಲಿ ಸತ್ತ ಹಾವಿನ ಜೀವಕೋಶಗಳ ಒಳಗೆ ವಿಚಿತ್ರ ಪ್ರೋಟೀನ್ ಉಂಡೆಗಳು ಸೂಕ್ಷ್ಮದರ್ಶಕದಲ್ಲಿ ಕಾಣುತ್ತಿದ್ದವು. ಆ ಒಳಉಂಡೆಗಳಿಂದಲೇ ಅದನ್ನು ಇನ್‌ಕ್ಲೂಷನ್ ಬಾಡಿ ಡಿಸೀಸ್, ಚಿಕ್ಕದಾಗಿ ಐಬಿಡಿ ಎಂದು ಕರೆದರು. ಕಾರಣ ಮಾತ್ರ ತಿಳಿದಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶದ ಮಹಿಳೆಯೊಬ್ಬರು ಲ್ಯಾರಿ ಎಂಬ ತಮ್ಮ ಬೋವಾಗೆ ಈ ಕಾಯಿಲೆ ಇರಬಹುದೆಂಬ ಆತಂಕದಿಂದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೋಸೆಫ್ ಡಿರಿಸಿಗೆ ಪತ್ರ ಬರೆದರು. ಸಾರ್ಸ್ ವೈರಾಣುವನ್ನು ಗುರುತಿಸುವಲ್ಲಿ ಹೆಸರು ಮಾಡಿದ್ದ ವಿಜ್ಞಾನಿ ಅವರು. ಅಷ್ಟರಲ್ಲಿ ಅದೇ ನಗರದ ಸ್ಟೈನ್‌ಹಾರ್ಟ್ ಅಕ್ವೇರಿಯಂನ ಮರಬೋವಾಗಳಲ್ಲೂ ಕಾಯಿಲೆ ಹರಡಿತು. ಡಿರಿಸಿ ತಂಡ ಆ ಹಾವುಗಳ ಅಂಗಾಂಶದಲ್ಲಿದ್ದ ಎಲ್ಲ ಆನುವಂಶಿಕ ವಸ್ತುವನ್ನೂ ಓದಿ, ಹಾವಿಗೆ ಸೇರದ ಭಾಗವನ್ನು ಬೇರ್ಪಡಿಸಿ, 2012ರಲ್ಲಿ ಉತ್ತರ ಕೊಟ್ಟಿತು. ಅದು ಅರೀನಾವೈರಸ್. ಆಫ್ರಿಕಾದ ಲಾಸಾ ಜ್ವರದ ವೈರಾಣು ಇರುವ ಈ ಕುಟುಂಬ ಸ್ತನಿಗಳಲ್ಲಿ, ಅದರಲ್ಲೂ ಇಲಿಗಳಂಥ ದಂಶಕಗಳಲ್ಲಿ ಮಾತ್ರ ಇದೆ ಎಂದು ಅದುವರೆಗೆ ತಿಳಿಯಲಾಗಿತ್ತು. ಹೊಸದಾಗಿ ಕಂಡ ಒಂದಕ್ಕೆ ಗೋಲ್ಡನ್ ಗೇಟ್ ವೈರಸ್ ಎಂದು ಹೆಸರಾಯಿತು. ಸಾಕಿದವರೊಬ್ಬರ ಕಾಳಜಿ ಜೀವಶಾಸ್ತ್ರದ ಒಂದು ಅಧ್ಯಾಯವನ್ನೇ ತಿದ್ದಿದ ಅಪರೂಪದ ಪ್ರಸಂಗವಿದು.

ಐಬಿಡಿಯ ಕ್ರೂರ ಮುಖ 2017ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಕಂಡಿತು. ಒಂದೇ ವೈರಾಣುವನ್ನು ಬೋವಾಗಳಿಗೂ ಬಾಲ್ ಪೈಥಾನ್‌ಗಳಿಗೂ ತಗುಲಿಸಿದಾಗ ಪೈಥಾನ್‌ಗಳು ಎರಡು ತಿಂಗಳೊಳಗೆ ನರಗಳ ತೀವ್ರ ಕಾಯಿಲೆಗೆ ಬಿದ್ದವು. ಬೋವಾಗಳು ಎರಡು ವರ್ಷವಾದರೂ ಹೊರನೋಟಕ್ಕೆ ಚೆನ್ನಾಗಿಯೇ ಇದ್ದವು, ಆದರೆ ಮೈತುಂಬ ವೈರಾಣು ಹೊತ್ತಿದ್ದವು. ಬೋವಾ ಮತ್ತು ಹೆಬ್ಬಾವನ್ನು ಒಂದೇ ಕೋಣೆಯಲ್ಲಿ ಸಾಕುವವರು ಇದನ್ನು ಮರೆಯಬಾರದು. ಇದಕ್ಕೆ ಚಿಕಿತ್ಸೆ ಇಲ್ಲ.

ಆದರೆ ಆಕಾಶ ನೋಡುವ ಹಾವುಗಳಿಗೆಲ್ಲ ಐಬಿಡಿ ಎಂದು ಷರಾ ಬರೆಯುವುದೂ ತಪ್ಪು. ಗೂಡು ಅತಿಯಾಗಿ ಕಾದಾಗ, ಜಿರಲೆ ಔಷಧಿ ಅಥವಾ ನುಸಿಯ ಕೀಟನಾಶಕ ಮೈಗೆ ತಾಗಿದಾಗ, ರಕ್ತಕ್ಕೆ ನಂಜೇರಿದಾಗ, ತಲೆಗೆ ಪೆಟ್ಟು ಬಿದ್ದಾಗಲೂ ಇದೇ ಭಂಗಿ ಕಾಣುತ್ತದೆ. ಮೀನು ತಿನ್ನುವ ಗಾರ್ಟರ್ ಹಾವುಗಳಿಗೆ ಸದಾ ಗೋಲ್ಡ್‌ಫಿಶ್ ಹಾಕಿದರೆ ಆ ಮೀನಿನಲ್ಲಿರುವ ಕಿಣ್ವ ಬಿ1 ಜೀವಸತ್ವವನ್ನು ಒಡೆದುಹಾಕುತ್ತದೆ. ಹಾವಿಗೆ ಸೆಳವು ಬರುತ್ತದೆ, ತಲೆ ತಿರುಗುತ್ತದೆ. ಬೇಗ ಗುರುತಿಸಿ ಬಿ1 ಚುಚ್ಚುಮದ್ದು ಕೊಟ್ಟರೆ ಇದು ವಾಸಿಯಾಗುವ ಕಾಯಿಲೆ.

ಇನ್ನೊಂದು ಕಾರಣವನ್ನು ಮನುಷ್ಯರೇ ಸೃಷ್ಟಿಸಿದ್ದಾರೆ. 1990ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಸ್ಪೈಡರ್ ಎಂಬ ಬಣ್ಣದ ತಳಿಯ ಬಾಲ್ ಪೈಥಾನ್ ಬೆಳೆಸುವುದು ಆರಂಭವಾಯಿತು. ಮೈಮೇಲೆ ಜೇಡರ ಬಲೆಯಂಥ ಕಪ್ಪು ಗೆರೆಗಳಿರುವ ಅದಕ್ಕೆ ಒಳ್ಳೆಯ ಬೆಲೆ ಬಂತು. ಆದರೆ ಆ ತಳಿಯ ಹಾವುಗಳ ತಲೆ ತೂಗುತ್ತದೆ, ಕೆಲವು ತಿರುಪಿನಂತೆ ಸುತ್ತಿಕೊಳ್ಳುತ್ತವೆ, ಇಲಿ ಹಿಡಿಯಲು ತಡಕಾಡುತ್ತವೆ. 2022ರಲ್ಲಿ ಜರ್ಮನಿಯ ಸಂಶೋಧಕರು ಸೂಕ್ಷ್ಮ ಸಿ.ಟಿ. ಸ್ಕ್ಯಾನ್ ಮೂಲಕ ಇವುಗಳ ಒಳಗಿವಿಯನ್ನು ನೋಡಿ, ಸಮತೋಲ ಕಾಯುವ ಅರೆವೃತ್ತ ನಾಳಗಳೂ ಸ್ಯಾಕ್ಯುಲಸ್ ಎಂಬ ಚೀಲವೂ ವಿಕಾರವಾಗಿ ಬೆಳೆದಿರುವುದನ್ನು ತೋರಿಸಿದರು. ಬಣ್ಣ ಕೊಡುವ ಜೀನ್ ಒಳಗಿವಿಯನ್ನೂ ಕೆಡಿಸುತ್ತದೆ. ಬ್ರಿಟನ್ನಿನ ಇಂಟರ್‌ನ್ಯಾಷನಲ್ ಹರ್ಪೆಟಲಾಜಿಕಲ್ ಸೊಸೈಟಿ ತನ್ನ ಪ್ರದರ್ಶನಗಳಲ್ಲಿ ಸ್ಪೈಡರ್ ಮಾರಾಟವನ್ನು ನಿಲ್ಲಿಸಿದೆ. ಹುಟ್ಟುವ ಮುಂಚೆಯೇ ತಿಳಿದಿರುವ ಈ ತೊಂದರೆಯನ್ನು ಬೆಲೆಗಾಗಿ ಮತ್ತೆಮತ್ತೆ ಹುಟ್ಟಿಸುವುದಕ್ಕೆ ಸಮರ್ಥನೆ ಇಲ್ಲ.

ಹೊಟ್ಟೆ ಮತ್ತು ಚರ್ಮ

ನುಂಗಿದ್ದನ್ನು ಹಾವು ಕಕ್ಕಿದರೆ ಹೊತ್ತು ನೋಡಬೇಕು. ಒಂದೆರಡು ದಿನದೊಳಗೆ ಬಂದಿದ್ದರೆ ಇಲಿ ದೊಡ್ಡದಾಯಿತು, ಗೂಡು ತಣ್ಣಗಿತ್ತು, ಅಥವಾ ತಿಂದ ಕೂಡಲೇ ಯಾರೋ ಎತ್ತಿ ಆಡಿಸಿದರು ಎಂದರ್ಥ. ತಿಂದ ಮೇಲೆ ಕನಿಷ್ಠ 48 ಗಂಟೆ ಹಾವನ್ನು ಮುಟ್ಟಬಾರದು. ಕಕ್ಕುವಾಗ ಜಠರದ ಆಮ್ಲವೂ ಹೊರಬಂದು ಅನ್ನನಾಳ ಸುಟ್ಟಿರುತ್ತದೆ. ಆದ್ದರಿಂದ 10-14 ದಿನ ಏನೂ ಕೊಡದೆ, ಆಮೇಲೆ ಚಿಕ್ಕ ಇಲಿಯಿಂದ ಆರಂಭಿಸುತ್ತಾರೆ. ಮತ್ತೆಮತ್ತೆ ಕಕ್ಕಿ, ಮೈ ಇಳಿದು, ಮೈಯ ನಡುಭಾಗದಲ್ಲಿ ಊತ ಕಂಡರೆ ಕ್ರಿಪ್ಟೊಸ್ಪೊರಿಡಿಯಂ ಸರ್ಪೆಂಟಿಸ್ ಎಂಬ ಏಕಕೋಶ ಪರೋಪಜೀವಿಯ ಅನುಮಾನ. ಜಠರದ ಗೋಡೆ ದಪ್ಪವಾಗಿ ಊಟಕ್ಕೆ ಜಾಗವೇ ಉಳಿಯುವುದಿಲ್ಲ. ಸಾಮಾನ್ಯ ಸೋಂಕುನಿವಾರಕಗಳಿಗೆ ಇದು ಜಗ್ಗದು, ಖಚಿತವಾದ ಔಷಧಿಯೂ ಇಲ್ಲ.

ಮಲದ ಜೊತೆ ಬೀಳುವ ಬಿಳಿ ಸುಣ್ಣದಂಥ ಗಟ್ಟಿ ವಸ್ತುವೇ ಹಾವಿನ ಮೂತ್ರ; ಅದು ಕಾಯಿಲೆಯಲ್ಲ. ಅದು ಹಸಿರಾದರೆ, ಮಲ ನೀರಾಗಿ ದುರ್ನಾತ ಬೀರಿದರೆ, ವಿಸರ್ಜನಾ ದ್ವಾರದಿಂದ ಕೆಂಪು ಮಾಂಸ ಹೊರಚಾಚಿದರೆ ಮಾತ್ರ ಚಿಂತೆ. ಹೊರಬಂದ ಅಂಗವನ್ನು ಒಣಗಲು ಬಿಡದೆ ಒದ್ದೆ ಬಟ್ಟೆಯಲ್ಲಿ ಮುಚ್ಚಿ ಆಸ್ಪತ್ರೆಗೆ ಒಯ್ಯಬೇಕು. ಹೆಣ್ಣು ಹಾವು ಕೆಲವು ಮೊಟ್ಟೆ ಇಟ್ಟು ಉಳಿದವನ್ನು ಇಡಲಾಗದೆ ಒದ್ದಾಡುತ್ತಿದ್ದರೂ ಹಾಗೆಯೇ. ಹೊಟ್ಟೆ ಒತ್ತಿ ಮೊಟ್ಟೆ ತಳ್ಳಲು ಹೋದರೆ ಒಳಗೆ ಒಡೆದು ಸಾವೇ ಆದೀತು.

ಹಾವಿನ ನುಸಿ ಸಾಸಿವೆಗಿಂತ ಚಿಕ್ಕದು. ರಕ್ತ ಕುಡಿದಾಗ ಕಪ್ಪಗಾಗಿ ಕಣ್ಣಿನ ಸುತ್ತ, ಗದ್ದದಡಿಯ ಸಂದಿನಲ್ಲಿ, ಹುರುಪೆಗಳ ಅಂಚಿನಲ್ಲಿ ಅಂಟಿಕೊಂಡಿರುತ್ತದೆ. ಹಾವು ನೀರಲ್ಲಿ ಮುಳುಗಿ ಮಲಗುವುದು, ಮೈಮೇಲೆ ಬೂದಿಯಂಥ ಬಿಳಿ ಪುಡಿ, ಬೋಗುಣಿಯ ತಳದಲ್ಲಿ ಕಪ್ಪು ಚುಕ್ಕಿಗಳು ಕಂಡರೆ ಅದೇ. ಬಿಳಿ ಕಾಗದದ ಮೇಲೆ ಹಾವನ್ನು ಹರಿಯಬಿಟ್ಟರೆ ಉದುರಿ ಕಾಣುತ್ತವೆ. ಇವು ರಕ್ತಹೀನತೆ ತರುವುದಲ್ಲದೆ ಐಬಿಡಿಯನ್ನು ಹಾವಿನಿಂದ ಹಾವಿಗೆ ಸಾಗಿಸುತ್ತವೆಂಬ ಬಲವಾದ ಶಂಕೆ ಇದೆ. ಮುಖದ ಮೇಲೆ ಹಳದಿ ಹಕ್ಕಳೆ, ಗಂಟು, ಒರಟಾದ ಹುರುಪೆಗಳು ಕಂಡು ಪೊರೆ ಪದೇಪದೇ ಬಿಡುತ್ತಿದ್ದರೆ ಒಫಿಡಿಯೊಮೈಸಿಸ್ ಎಂಬ ಶಿಲೀಂಧ್ರ ಇರಬಹುದು. ಅಮೆರಿಕದ ಕಾಡು ಬುಡುಬುಡಿಕೆ ಹಾವುಗಳನ್ನೂ ಸಾಕಿದ ಹಾವುಗಳನ್ನೂ ಇದು ಕಾಡಿದೆ.

ವೈದ್ಯರು, ಕಾನೂನು ಮತ್ತು ಗೂಡಿನ ಹೊರಗೆ

ವೈದ್ಯರಿಗೆ ತೋರಿಸಲು ಹೋಗುವಾಗ ಹಾವಿನ ಜೊತೆಗೆ ಒಯ್ಯಬೇಕಾದವು ಅದರ ತೂಕದ ದಾಖಲೆ, ತಿಂದ ಹಾಗೂ ಪೊರೆ ಬಿಟ್ಟ ದಿನಾಂಕಗಳು, ಗೂಡಿನ ಎರಡೂ ತುದಿಯ ತಾಪಮಾನ, ತಾಜಾ ಮಲ, ಸಾಧ್ಯವಾದರೆ ವಿಚಿತ್ರ ವರ್ತನೆಯ ವಿಡಿಯೊ. ಆಸ್ಪತ್ರೆಯ ಮೇಜಿನ ಮೇಲೆ ಹೆದರಿದ ಹಾವು ಮನೆಯಲ್ಲಿ ಮಾಡಿದ್ದನ್ನು ಮಾಡಿ ತೋರಿಸುವುದಿಲ್ಲ. ಸರೀಸೃಪಗಳ ವೈದ್ಯವೇ ಎಳೆಯದು. ಅಮೆರಿಕದಲ್ಲಿ ಸರೀಸೃಪ ಮತ್ತು ಉಭಯಚರಗಳ ಪಶುವೈದ್ಯರ ಸಂಘ ಹುಟ್ಟಿದ್ದು 1991ರಲ್ಲಿ. ಹೊಸ ಹಾವು ತಂದವರು ಅದನ್ನು 90 ದಿನ ಬೇರೆ ಕೋಣೆಯಲ್ಲಿ, ಬೇರೆ ಉಪಕರಣಗಳೊಂದಿಗೆ ಇಡಬೇಕು ಎಂಬುದು ಈ ವೈದ್ಯರ ಸಾಮಾನ್ಯ ಸಲಹೆ. ಮನುಷ್ಯರ ಆರೋಗ್ಯವೂ ಇಲ್ಲಿ ಸೇರಿದೆ. ಚೆನ್ನಾಗಿರುವ ಹಾವಿನ ಮಲದಲ್ಲೂ ಸಾಲ್ಮೊನೆಲ್ಲಾ ಇರಬಹುದು. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಸರೀಸೃಪ ಬೇಡ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ಹಾವಿನ ಬೋಗುಣಿಯನ್ನು ಅಡುಗೆಮನೆಯಲ್ಲಿ ತೊಳೆಯಬಾರದು.

ಭಾರತದಲ್ಲಿ ಚಿತ್ರ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇರುವ ನಾಗರಹಾವು, ಕೇರೆ, ಹೆಬ್ಬಾವುಗಳನ್ನು ಮನೆಯಲ್ಲಿ ಇಡುವುದು ಅಪರಾಧ. ಗಾಯಗೊಂಡ ಇಂಥ ಹಾವು ಕಂಡರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಬೆಂಗಳೂರಿನಲ್ಲಿ ಪೀಪಲ್ ಫಾರ್ ಅನಿಮಲ್ಸ್ ನಡೆಸುವ ವನ್ಯಜೀವಿ ಆಸ್ಪತ್ರೆ ಇಂಥ ಹಾವುಗಳಿಗೆ ಚಿಕಿತ್ಸೆ ಕೊಡುತ್ತದೆ. ವಿದೇಶಿ ಜಾತಿಗಳ ವಿಷಯಕ್ಕೆ 2022ರ ತಿದ್ದುಪಡಿ ಬಂತು. ವನ್ಯಜೀವಿ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಗಳಲ್ಲಿರುವ ಪ್ರಾಣಿಗಳು ಈಗ ಕಾಯ್ದೆಯ ನಾಲ್ಕನೇ ಅನುಸೂಚಿಯಲ್ಲಿವೆ, ಅವುಗಳನ್ನು ಇಟ್ಟುಕೊಂಡವರು 2024ರ ನಿಯಮಗಳಂತೆ ನೋಂದಾಯಿಸಬೇಕು. ಬಾಲ್ ಪೈಥಾನ್ ಕೂಡ ಆ ಪಟ್ಟಿಯದೇ. ಆದರೂ ಕಳ್ಳಸಾಗಣೆ ನಿಂತಿಲ್ಲ. 2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕರೊಬ್ಬರ ಸಾಮಾನಿನಲ್ಲಿ 10 ಹಳದಿ ಅನಕೊಂಡಗಳನ್ನು ಬೆಂಗಳೂರು ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳು ಹಿಡಿದರು. ಹೀಗೆ ಬರುವ ಹಾವಿಗೆ ವೈದ್ಯಕೀಯ ಇತಿಹಾಸವೂ ಇಲ್ಲ, ಪ್ರತ್ಯೇಕವಾಸವೂ ಇಲ್ಲ. ಅದು ಯಾವ ವೈರಾಣು, ಯಾವ ನುಸಿ ಹೊತ್ತು ಬಂದಿದೆ ಎಂಬುದು ಕೊಂಡವರಿಗೆ ಗೊತ್ತಿರುವುದಿಲ್ಲ.

ಸಾಕಲಾಗದೆ, ಅಥವಾ ಕಾಯಿಲೆ ಬಿದ್ದಿತೆಂದು, ಹೊರಗೆ ಬಿಟ್ಟ ಹಾವು ತನ್ನ ಪರೋಪಜೀವಿಗಳನ್ನೂ ಜೊತೆಗೆ ಒಯ್ಯುತ್ತದೆ. ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಸಾಕುಪ್ರಾಣಿ ವ್ಯಾಪಾರದ ಮೂಲಕ ಬಂದು ನೆಲೆಯೂರಿದ ಬರ್ಮೀಸ್ ಹೆಬ್ಬಾವುಗಳ ಕತೆ ಪ್ರಸಿದ್ಧ. ಅವು ಅಲ್ಲಿನ ಪ್ರಾಣಿಗಳನ್ನು ತಿಂದು ಮುಗಿಸುತ್ತಿರುವುದು ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಅವುಗಳ ಶ್ವಾಸಕೋಶದಲ್ಲಿ ಅಡಗಿ ಏಷ್ಯಾದಿಂದ ಬಂದ ರೈಲಿಯೆಟಿಯೆಲ್ಲಾ ಓರಿಯೆಂಟಾಲಿಸ್ ಎಂಬ ಹುಳುವಿನಂಥ ಪರೋಪಜೀವಿಯ ವಿಷಯ. ಕಪ್ಪೆ, ಹಲ್ಲಿಗಳ ಮೂಲಕ ಅದು ಫ್ಲಾರಿಡಾದ ಸ್ಥಳೀಯ ಹಾವುಗಳಿಗೆ ದಾಟಿರುವುದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಾಖಲಾಯಿತು. ಆಮೇಲೆ ಹೆಬ್ಬಾವುಗಳು ಇನ್ನೂ ತಲುಪದ ಉತ್ತರದ ಪ್ರದೇಶಗಳಲ್ಲೂ, ಪುಟ್ಟ ಪಿಗ್ಮಿ ಬುಡುಬುಡಿಕೆ ಹಾವುಗಳ ಶ್ವಾಸಕೋಶದಲ್ಲೂ ಅದು ಸಿಕ್ಕಿದೆ. ಈ ಹುಳುಗಳ ಜೊತೆ ವಿಕಾಸಗೊಳ್ಳದ ಆ ಹಾವುಗಳಲ್ಲಿ ಅವು ತಮ್ಮ ಮೂಲ ಆತಿಥೇಯರಲ್ಲಿಗಿಂತ ದೊಡ್ಡದಾಗಿ ಬೆಳೆದು ಉಸಿರಿನ ದಾರಿಯನ್ನೇ ಮುಚ್ಚುತ್ತವೆ. ಫ್ಲಾರಿಡಾದಲ್ಲಿ ಬಾಯಿ ತೆರೆದು ಉಸಿರಾಡುವ ಹಾವು ಸಿಕ್ಕರೆ ವೈದ್ಯರು ಈಗ ನ್ಯುಮೋನಿಯಾದ ಜೊತೆಗೆ ಈ ಹುಳುವನ್ನೂ ಹುಡುಕಬೇಕಾಗಿದೆ.